ಮಾಮ, ಬಚ್ಚಲುಮನೆಯಲ್ಲಿ ಕೂತಿದ್ದೀಯಾ?

ಅಕ್ಕನ ಮಗಳಿಗೆ ಆಗ ಏಳು ವರ್ಷ. ಮಲಗುವ ಮುಂಚೆ ಕಥೆ ಬೇಕೇ ಬೇಕು. ಅವಳು ಮಲಗುವ ಹೊತ್ತಿಗೆ ನನ್ನ ಕೆಲಸ ಮುಗಿದಿರುವುದಿಲ್ಲ. ಹಾಗಾಗಿ ಒಂದು ಭಾನುವಾರ ಮೊಬೈಲ್ ಮುಂದೆ ಕೂತು ಹತ್ತು ನಿಮಿಷದ ಕಥೆಯೊಂದನ್ನು ರೆಕಾರ್ಡ್ ಮಾಡಿ ಕಳಿಸಿದೆ. ಒಂದು ಹಾಳುಬಾವಿ, ಅದರೊಳಗೊಂದು ಭೂತ, ಆ ಭೂತಕ್ಕೇ ಬುದ್ಧಿ ಹೇಳುವ ಬೆಕ್ಕು. ದನಿ ಏರಿಸಿ, ಇಳಿಸಿ, ಮೂರು ಥರ ಗಂಟಲು ಮಾಡಿ ಹೇಳಿದ್ದೆ. ಶಹಬ್ಬಾಸ್ ಸಿಗುತ್ತೆ ಅಂತ ಕಾಯುತ್ತಿದ್ದೆ. ಬಂದದ್ದು ಒಂದೇ ಪ್ರಶ್ನೆ.

"ಮಾಮ, ನೀನು ಬಚ್ಚಲುಮನೆಯಲ್ಲಿ ಕೂತು ಹೇಳಿದ್ಯಾ?"

ಕೂತದ್ದು ನಡುಮನೆಯಲ್ಲಿ. ಆದರೆ ಇನ್ನೊಂದು ಸಲ ಕೇಳಿದಾಗ ಹುಡುಗಿ ಹೇಳಿದ್ದೇ ಸರಿ ಅನ್ನಿಸಿತು. ಪ್ರತಿ ಮಾತಿಗೂ ಒಂದು ಬಾಲ ಇತ್ತು. ಭೂತ ಮಾತಾಡುವಾಗ ಆ ಬಾಲ ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬೆಕ್ಕೂ ಬಾವಿಯೊಳಗಿಂದಲೇ ಮಾತಾಡಿದರೆ ಕಥೆ ಕೆಟ್ಟಿತು ಅಲ್ವಾ?

ತಪ್ಪು ಮೊಬೈಲಿನದ್ದು ಅಂತ ತೀರ್ಮಾನಿಸಿದೆ. ಹೊಸಬರು ಮೊದಲು ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಮೈಕ್ ಕೊಂಡೆ.

ಅದು ಕಂಡೆನ್ಸರ್ ಮೈಕ್. ಅದನ್ನು ಕಂಪ್ಯೂಟರಿಗೆ ಸೇರಿಸಲು ಆಡಿಯೋ ಇಂಟರ್‌ಫೇಸ್ ಅನ್ನುವ ಸಣ್ಣ ಪೆಟ್ಟಿಗೆ. ಎಲ್ಲ ಜೋಡಿಸಿ "ಹಲೋ" ಅಂದೆ. ಏನೂ ಇಲ್ಲ. ಕೇಬಲ್ ಬದಲಿಸಿದೆ, ಡ್ರೈವರ್ ಮತ್ತೆ ಹಾಕಿದೆ, ಕಂಪ್ಯೂಟರ್ ಆರಿಸಿ ಹಚ್ಚಿದೆ. ಎರಡು ಗಂಟೆ ಹೋಯಿತು. ಕೊನೆಗೆ ಪೆಟ್ಟಿಗೆಯ ಮೇಲೆ 48ವಿ ಅಂತ ಬರೆದಿದ್ದ ಪುಟ್ಟ ಗುಂಡಿ ಕಣ್ಣಿಗೆ ಬಿತ್ತು. ಕಂಡೆನ್ಸರ್ ಮೈಕಿಗೆ ಕೆಲಸ ಮಾಡಲು ಹೊರಗಿನಿಂದ ಕರೆಂಟು ಬೇಕು. ಆ 48 ವೋಲ್ಟ್ ಅದೇ ಕೇಬಲಿನಲ್ಲೇ ಹೋಗುತ್ತದೆ. ಬೇರೆ ತಂತಿ ಕಾಣುವುದಿಲ್ಲವಾದ್ದರಿಂದ ಅದಕ್ಕೆ ಫ್ಯಾಂಟಮ್ ಪವರ್ ಅಂತ ಹೆಸರು. ಭೂತದ ಕಥೆಗೆ ಭೂತದ ಕರೆಂಟು, ಇರಲಿ.

ಗುಂಡಿ ಒತ್ತಿದೆ. ದನಿ ಬಂತು, ಆದರೆ ಎಲ್ಲೋ ಪಕ್ಕದ ಕೋಣೆಯಿಂದ ಬಂದ ಹಾಗೆ. ಸಿನಿಮಾದಲ್ಲಿ ಹಾಡುವವರು ಮೈಕಿನ ತುದಿಗೆ ಬಾಯಿ ಇಟ್ಟದ್ದು ನೋಡಿದ್ದೆನಲ್ಲ, ನಾನೂ ತುದಿಗೇ ಮಾತಾಡುತ್ತಿದ್ದೆ. ನನ್ನ ಮೈಕ್ ತುದಿಯಿಂದ ಕೇಳುವ ಜಾತಿಯದ್ದಲ್ಲ, ಹೊಟ್ಟೆಯ ಕಡೆಯಿಂದ ಕೇಳುವ ಜಾತಿ. ಅದರಲ್ಲೂ ಒಂದೇ ಮಗ್ಗುಲು. ಇನ್ನೊಂದು ಮಗ್ಗುಲಿಗೆ ಅದು ಹೆಚ್ಚುಕಡಿಮೆ ಕಿವುಡು. ಹೃದಯದ ಆಕಾರದಲ್ಲಿ ಕೇಳುವ ಈ ಗುಣಕ್ಕೆ ಕಾರ್ಡಿಯಾಯ್ಡ್ ಅನ್ನುತ್ತಾರೆ. ಈ ಕಿವುಡುತನ ಆಮೇಲೆ ಬಹಳ ಉಪಯೋಗಕ್ಕೆ ಬಂತು. ಸದ್ದು ಮಾಡುವ ಕಂಪ್ಯೂಟರಿನ ಕಡೆ ಮೈಕಿನ ಬೆನ್ನು ತಿರುಗಿಸಿದರೆ ಅರ್ಧ ರಗಳೆ ಮುಗಿಯುತ್ತದೆ.

ಎಲ್ಲ ಸರಿಮಾಡಿ ಕಥೆಯನ್ನು ಮತ್ತೆ ರೆಕಾರ್ಡ್ ಮಾಡಿದೆ. ಈಗ ಬಚ್ಚಲುಮನೆ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು.

ಯಾಕೆ ಅಂತ ಓದುತ್ತಾ ಹೋದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರಿನ ಗೋಡೆ 3 ಮೀಟರ್ ದೂರದಲ್ಲಿದ್ದರೆ ಹೋಗಿ ವಾಪಸ್ ಬರಲು 17 ಮಿಲಿಸೆಕೆಂಡು ಸಾಕು. ಅಂದರೆ ನನ್ನ ಬಾಯಿಂದ ಹೊರಟ ಒಂದೇ ಮಾತು ಮೈಕಿಗೆ ಒಂದು ಸಲ ನೇರವಾಗಿ, ಆಮೇಲೆ ಎದುರುಗೋಡೆಯಿಂದ, ಪಕ್ಕದ ಗೋಡೆಯಿಂದ, ನೆಲದಿಂದ, ಮೇಜಿನಿಂದ ಹತ್ತಾರು ಸಲ ಬಂದು ಬೀಳುತ್ತದೆ. ಎದುರುಬದುರು ಕೂತು ಮಾತಾಡುವಾಗ ನಮಗೆ ಇದು ಗೊತ್ತೇ ಆಗುವುದಿಲ್ಲ. ಮಿದುಳು ಮೊದಲು ಬಂದ ಸದ್ದನ್ನು ಹಿಡಿದುಕೊಳ್ಳುತ್ತದೆ. ಬೆನ್ನಿಗೇ ಬಂದದ್ದನ್ನು ಅದರೊಳಗೇ ಸೇರಿಸಿಬಿಡುತ್ತದೆ. ಹೆಲ್ಮುಟ್ ಹಾಸ್ ಎಂಬ ಜರ್ಮನಿಯ ಸಂಶೋಧಕ 1949ರಲ್ಲಿ ಇದರ ಮೇಲೇ ಪ್ರಬಂಧ ಬರೆದ. ಇಂದಿಗೂ ಧ್ವನಿ ಕೆಲಸದವರ ಬಾಯಲ್ಲಿ ಇದು ಹಾಸ್ ಎಫೆಕ್ಟ್. ಎರಡು ಕಿವಿ ಇರುವುದರಿಂದ ಯಾವ ಸದ್ದು ಎಲ್ಲಿಂದ ಬಂತು ಅಂತಲೂ ನಮಗೆ ಗೊತ್ತಾಗುತ್ತದೆ. ಒಂಟಿ ಮೈಕಿಗೆ ಈ ಯಾವ ಜಾಣತನವೂ ಇಲ್ಲ. ಕೋಣೆ ಕೊಟ್ಟದ್ದನ್ನೆಲ್ಲ ಅದು ಬಾಚಿಕೊಳ್ಳುತ್ತದೆ. ಮೈಕ್ ಒಳ್ಳೆಯದಾದಷ್ಟೂ ಬಾಚುವುದು ಜಾಸ್ತಿ.

ಮೊಟ್ಟೆಯ ರಟ್ಟಿನ ಟ್ರೇಗಳನ್ನು ಗೋಡೆಗೆ ಅಂಟಿಸಿದರೆ ಸ್ಟುಡಿಯೋ ಆಗುತ್ತದೆ ಅನ್ನುವ ಮಾತು ಕೇಳಿದ್ದೆ. ಅಂಟಿಸಿಯೂ ನೋಡಿದೆ. ಗೋಡೆ ಕೆಟ್ಟಿತು, ದನಿ ಹಾಗೇ ಇತ್ತು. ತೆಳು ರಟ್ಟು ಬಹಳ ಮೇಲಿನ ಸ್ವರಗಳನ್ನು ಒಂಚೂರು ಚದುರಿಸುತ್ತದೆ, ಅಷ್ಟೇ. ಗಂಡು ದನಿಯ ಬುಡ ಇರುವುದು 100 ಹರ್ಟ್ಜ್, ಅಂದರೆ ಸೆಕೆಂಡಿಗೆ 100 ಕಂಪನದ ಆಸುಪಾಸಿನಲ್ಲಿ. ಆ ಅಲೆಯ ಉದ್ದ ಮೂರೂವರೆ ಮೀಟರ್ ಹತ್ತಿರ. ಮೂರೂವರೆ ಮೀಟರಿನ ಅಲೆ ರಟ್ಟಿಗೆ ಹೆದರುತ್ತದೆಯೇ? ಅದನ್ನು ಹಿಡಿಯಲು ದಪ್ಪ ಬೇಕು, ಒಳಗೆ ಗಾಳಿಯಾಡುವ ಮೆತ್ತನೆಯ ವಸ್ತು ಬೇಕು. ಗಾಳಿಯ ಕಣಗಳು ಆ ಎಳೆಗಳ ನಡುವೆ ತಿಕ್ಕಾಡಿ ಸುಸ್ತಾಗಬೇಕು. ಬಟ್ಟೆ, ರಜಾಯಿ, ಹಾಸಿಗೆ, ಸೋಫಾ ಇವೇ ಅಂಥವು.

ಒಂದು ರಾತ್ರಿ ಬಟ್ಟೆಯ ಬೀರು ತೆರೆದು, ನೇತುಹಾಕಿದ ಅಂಗಿಗಳ ಕಡೆ ಮುಖ ಮಾಡಿ ಕೂತೆ. ಬೆನ್ನ ಹಿಂದೆ ಎರಡು ಕುರ್ಚಿಗೆ ರಜಾಯಿ ಇಳಿಬಿಟ್ಟೆ. ಮಾತಾಡಿದೆ. ಬಾಲ ಇಲ್ಲ! ಬೆಕ್ಕು ಬಾವಿಯಿಂದ ಮೇಲೆ ಬಂದಿತ್ತು. ಕುತೂಹಲಕ್ಕೆ ಅದೇ ಜಾಗದಲ್ಲಿ ಹಳೇ ಮೊಬೈಲಿನಲ್ಲೂ ರೆಕಾರ್ಡ್ ಮಾಡಿದೆ. ಬೀರುವಿನ ಮೊಬೈಲ್, ನಡುಮನೆಯ ಮೈಕಿಗಿಂತ ಎಷ್ಟೋ ಚೆನ್ನಾಗಿತ್ತು. ಕೊಂಡ ಮೈಕನ್ನು ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಮುಂದೆ ಈ ಪಾಠ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಹೋಯಿತು. ಸಾಫ್ಟ್‌ವೇರಿನಲ್ಲಿ ಸರಿಮಾಡಲು ಒದ್ದಾಡುವ ತಪ್ಪು ಹುಟ್ಟಿದ್ದು ರೆಕಾರ್ಡಿಂಗಿನಲ್ಲಿ. ಮೈಕಿನ ತಲೆಗೆ ಕಟ್ಟಿದ ತಪ್ಪು ಹುಟ್ಟಿದ್ದು ಕೋಣೆಯಲ್ಲಿ. ಎಷ್ಟೋ ಸಲ ಅದು ಕೋಣೆಯದ್ದೂ ಅಲ್ಲ, ನಾನು ಕೂತ ಜಾಗದ್ದು. ತಪ್ಪು ಕಂಡ ಕಡೆ ಇರುವುದಿಲ್ಲ, ಒಂದು ಹೆಜ್ಜೆ ಹಿಂದೆ ಇರುತ್ತದೆ.

ದೂರದ ವಿಷಯವನ್ನೇ ನೋಡಿ. ಬಾಯಿಗೂ ಮೈಕಿಗೂ ಒಂದು ಗೇಣು ಸಾಕು. ಬಯಲಿನಲ್ಲಿ ದೂರ ಎರಡರಷ್ಟಾದರೆ ದನಿ 6 ಡೆಸಿಬೆಲ್ ಇಳಿಯುತ್ತದೆ (ಡೆಸಿಬೆಲ್ ಅಂದರೆ ಸದ್ದು ಎಷ್ಟು ಜೋರು ಅನ್ನುವ ಅಳತೆ). ಆದರೆ ಕೋಣೆಯ ಪ್ರತಿಧ್ವನಿ, ಫ್ಯಾನಿನ ಗುಂಯ್ ಇವೆಲ್ಲ ಎಲ್ಲ ಕಡೆಯಿಂದಲೂ ಬರುವುದರಿಂದ ಇದ್ದಷ್ಟೇ ಇರುತ್ತವೆ. ಮೈಕನ್ನು ಎರಡು ಗೇಣಿನಿಂದ ಒಂದು ಗೇಣಿಗೆ ತಂದರೆ ನನ್ನ ದನಿ ಮಾತ್ರ ಏರುತ್ತದೆ, ಕೋಣೆ ಏರುವುದಿಲ್ಲ. ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಸದ್ದು ತೆಗೆಯುವ ಉಪಾಯ ನಾನು ಇನ್ನೂ ಕಂಡಿಲ್ಲ.

ಹತ್ತಿರ ಹೋದರೆ ಬೇರೆ ತಾಪತ್ರಯ. ಶಾಲೆಯಲ್ಲಿ ಅಲ್ಪಪ್ರಾಣ, ಮಹಾಪ್ರಾಣ ಕಲಿಸುವಾಗ ಮೇಷ್ಟ್ರು ಬಾಯಿ ಮುಂದೆ ಅಂಗೈ ಹಿಡಿಯಲು ಹೇಳಿದ್ದು ನೆನಪಿದೆಯಾ? ಪ ಅನ್ನುವಾಗ ಸಣ್ಣ ಗಾಳಿ, ಫ ಅನ್ನುವಾಗ ದೊಡ್ಡ ಗಾಳಿ. ಆ ಗಾಳಿ ಈಗ ಅಂಗೈಗೆ ಬದಲು ಮೈಕಿನ ಪೊರೆಗೆ ಬಡಿಯುತ್ತದೆ. "ಭಾರೀ ಭೂತ" ಅಂದರೆ ಎರಡು ಸಲ ಢಬ್ ಢಬ್. ಮೈಕ್ ಮುಂದೆ ತೆಳುಬಟ್ಟೆಯ ಜಾಲರಿ ಇಟ್ಟರೆ ಗಾಳಿ ಚದುರುತ್ತದೆ. ಅದೂ ಬೇಡ ಅಂದರೆ ಮೈಕನ್ನು ಬಾಯಿಯ ನೇರಕ್ಕೆ ಇಡದೆ ಒಂದು ಪಕ್ಕಕ್ಕೆ ಸರಿಸಿ. ಗಾಳಿ ನೇರವಾಗಿ ಹೋಗುತ್ತದೆ, ದನಿ ಎಲ್ಲ ಕಡೆ ಹರಡುತ್ತದೆ. ಸ, ಶ ಸಿಳ್ಳೆ ಹೊಡೆಯುವುದೂ ಇದರಿಂದ ತಗ್ಗುತ್ತದೆ. ಮಹಾಪ್ರಾಣಗಳನ್ನು ಸರಿಯಾಗಿ ಉಚ್ಚರಿಸಬೇಕೆಂದು ಕಿವಿ ಹಿಂಡಿದ್ದ ಮೇಷ್ಟ್ರು ಇದನ್ನು ಕೇಳಿದರೆ ನಗುತ್ತಿದ್ದರೇನೋ.

ಇಷ್ಟೆಲ್ಲ ಆದ ಮೇಲೆ ಬರುವುದು ನಿಜವಾದ ಆಘಾತ. ನನ್ನ ದನಿ ಹೀಗಾ ಇರೋದು?

ಹೌದು, ಹೀಗೇ ಇರುವುದು. ನಾವು ಮಾತಾಡುವಾಗ ನಮ್ಮ ದನಿ ನಮಗೆ ಗಾಳಿಯ ಮೂಲಕ ಒಂದು ದಾರಿಯಲ್ಲಿ, ತಲೆಬುರುಡೆಯ ಎಲುಬಿನ ಮೂಲಕ ಇನ್ನೊಂದು ದಾರಿಯಲ್ಲಿ ಕೇಳಿಸುತ್ತದೆ. ಎಲುಬು ಕೆಳಗಿನ ಸ್ವರಗಳನ್ನು ಚೆನ್ನಾಗಿ ಸಾಗಿಸುತ್ತದೆ. ಅದಕ್ಕೇ ನಮ್ಮ ದನಿ ನಮಗೆ ತುಂಬಿದ ಕೊಡದ ಹಾಗೆ. ರೆಕಾರ್ಡಿಂಗಿನಲ್ಲಿ ಎಲುಬಿನ ಪಾಲು ಇಲ್ಲ, ಹಾಗಾಗಿ ತೆಳು. ಬೇರೆಯವರು ಇಷ್ಟು ವರ್ಷ ಕೇಳುತ್ತಾ ಬಂದಿರುವುದು ಆ ತೆಳು ದನಿಯನ್ನೇ, ಅವರಿಗೆ ಅದೇನೂ ವಿಚಿತ್ರ ಅಲ್ಲ. ಇಪ್ಪತ್ತು ಕಥೆ ಎಡಿಟ್ ಮಾಡುವ ಹೊತ್ತಿಗೆ ನನಗೂ ಅಭ್ಯಾಸ ಆಯಿತು. ಈಗ ನನ್ನ ದನಿ ನನಗೆ ಮೇಜಿನ ಮೇಲಿನ ಒಂದು ಸಾಮಾನು. ಚೆನ್ನಾಗಿದೆಯೋ ಇಲ್ಲವೋ ಅಂತ ಯೋಚನೆ ಬರುವುದಿಲ್ಲ, ಎಲ್ಲಿ ಕತ್ತರಿಸಬೇಕು ಅಂತಷ್ಟೇ ಬರುತ್ತದೆ.

ಲೆಕ್ಕದ ವಿಷಯಗಳನ್ನು ಬೇಗ ಮುಗಿಸುತ್ತೇನೆ. ಸ್ಯಾಂಪಲ್ ರೇಟ್ ಅಂದರೆ ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆದು ಬರೆದುಕೊಳ್ಳುತ್ತೇವೆ ಅನ್ನುವುದು. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಜ್. ಅದರ ಎರಡರಷ್ಟಕ್ಕಿಂತ ತುಸು ಜಾಸ್ತಿ ಅಳೆದರೆ ಸಾಕು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಗೆ 44,100. ವೀಡಿಯೋ ಜಗತ್ತಿನಲ್ಲಿ 48,000. ವೀಡಿಯೋಗೆ ಸೇರಿಸುವ ಉದ್ದೇಶ ಇದ್ದರೆ ಮೊದಲಿನಿಂದಲೂ 48,000ದಲ್ಲೇ ಇರಿ. ಬಿಟ್ ಅಂದರೆ ಪ್ರತಿ ಅಳತೆ ಎಷ್ಟು ನಯ ಅನ್ನುವುದು. ಒಂದೊಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್, 16 ಬಿಟ್ ಅಂದರೆ 96, 24 ಬಿಟ್ ಅಂದರೆ ಲೆಕ್ಕದ ಮಟ್ಟಿಗೆ 144. 24 ಇಟ್ಟುಕೊಂಡರೆ ಮೆಲ್ಲಗೆ ರೆಕಾರ್ಡ್ ಮಾಡಿ ಆಮೇಲೆ ಏರಿಸಿಕೊಳ್ಳಬಹುದು. ಡಿಜಿಟಲ್ ಮೀಟರಿನಲ್ಲಿ ಸೊನ್ನೆಯೇ ಛಾವಣಿ. ಅದಕ್ಕೆ ತಲೆ ತಾಗಿದರೆ ಅಲೆಯ ತಲೆ ಚಪ್ಪಟೆ, ಕಿವಿಗೆ ಕರ್ಕಶ. ಭೂತ ಕಿರುಚುವಾಗಲೂ ಮುಳ್ಳು ಮೈನಸ್ 6 ದಾಟದ ಹಾಗೆ ನೋಡಿಕೊಳ್ಳುತ್ತೇನೆ. ಇಷ್ಟೇ.

ಎಡಿಟಿಂಗ್ ಮಾತ್ರ ಬೇಗ ಮುಗಿಯುವ ವಿಷಯ ಅಲ್ಲ. ನಾನು ಕಲಿತದ್ದು ಆಡಾಸಿಟಿಯಲ್ಲಿ. 2000ದಲ್ಲಿ ಬಿಡುಗಡೆಯಾದ ಉಚಿತ ಸಾಫ್ಟ್‌ವೇರ್, ನೋಡಲು ಇವತ್ತಿಗೂ ಸ್ವಲ್ಪ ಹಳೇ ಸರಕಿನ ಹಾಗಿದೆ, ಕೆಲಸಕ್ಕೆ ಗಟ್ಟಿ. ಅದರಲ್ಲಿ ಸದ್ದು ತೆಗೆಯುವ ಒಂದು ಉಪಕರಣ ಇದೆ. ಯಾರೂ ಮಾತಾಡದ ಜಾಗವನ್ನು ಗುರುತುಮಾಡಿ ತೋರಿಸಿದರೆ ಅದು ಕೋಣೆಯ ಸದ್ದಿನ ಜಾತಕ ಬರೆದುಕೊಳ್ಳುತ್ತದೆ. ಆಮೇಲೆ ಇಡೀ ಫೈಲಿನಿಂದ ಅದನ್ನು ತಗ್ಗಿಸುತ್ತದೆ. ಮೊದಲ ಸಲ ನೋಡಿದಾಗ ಮಾಟ ಅನ್ನಿಸಿತು. ಖುಷಿಯಲ್ಲಿ ಕಡ್ಡಿಯನ್ನು ಬಲತುದಿಗೆ ಎಳೆದೆ. ಫ್ಯಾನ್ ಮಾಯವಾಯಿತು. ಜೊತೆಗೆ ನನ್ನ ಮಾತಿನ ಮೈಯೂ ಕರಗಿ, ನೀರಿನೊಳಗಿಂದ ರೋಬೋ ಮಾತಾಡಿದಂತಾಯಿತು. ಫ್ಯಾನಿನ ಸದ್ದು ಮತ್ತು ದನಿ ಒಂದೇ ಜಾಗದಲ್ಲಿ ಕಲಸಿಕೊಂಡಿರುವಾಗ ಒಂದನ್ನು ಕಿತ್ತರೆ ಇನ್ನೊಂದರ ಚರ್ಮವೂ ಬರುತ್ತದೆ. ಆವತ್ತಿನಿಂದ ಫ್ಯಾನ್ ಆರಿಸಿಯೇ ಕೂರುತ್ತೇನೆ. ಬೆವರುತ್ತೇನೆ, ಆದರೆ ರೋಬೋ ಆಗುವುದಿಲ್ಲ.

ಮುಂದಿನ ಚಟ ಉಸಿರಿನದ್ದು. ಅಲೆಯ ಚಿತ್ರದಲ್ಲಿ ಉಸಿರು ಎಳೆದುಕೊಳ್ಳುವುದು ಸಣ್ಣ ಉಬ್ಬಾಗಿ ಕಾಣುತ್ತದೆ. ಒಂದು ರಾತ್ರಿಯೆಲ್ಲ ಕೂತು ಒಂದೊಂದೇ ಉಸಿರನ್ನು ಅಳಿಸಿದೆ. ಬೆಳಗಿನ ಜಾವ ಫೈಲ್ ಕಳಿಸಿದೆ. ನಮ್ಮ ವಿಮರ್ಶಕಿಯ ಉತ್ತರ: "ಮಾಮ, ನೀನು ಉಸಿರೇ ಬಿಡಲ್ಲ, ನಂಗೆ ಉಸಿರು ಕಟ್ಟುತ್ತೆ." ಕೇಳುವವರು ನಮ್ಮ ಜೊತೆ ಉಸಿರಾಡುತ್ತಾರೆ ಅಂತ ನನಗೆ ಯಾವ ಟ್ಯುಟೋರಿಯಲ್ಲೂ ಹೇಳಿರಲಿಲ್ಲ.

ಇನ್ನೊಂದು ಸೂಕ್ಷ್ಮ. ಉಸಿರು ಅಳಿಸಿದ ಜಾಗದಲ್ಲಿ ಪೂರ್ತಿ ಮೌನ ಇಟ್ಟಿದ್ದೆ. ಅಲ್ಲೂ ಏನೋ ಎಡವಟ್ಟು. ಖಾಲಿ ಕೋಣೆಗೂ ಒಂದು ಸದ್ದು ಇರುತ್ತದೆ. ಅದು ಇರುವಾಗ ನಮಗೆ ಕೇಳಿಸುವುದಿಲ್ಲ, ತಟ್ಟನೆ ನಿಂತಾಗ ಕೇಳಿಸುತ್ತದೆ, ಓಡುತ್ತಿದ್ದ ಫ್ರಿಜ್ ನಿಂತ ಹಾಗೆ. ಸಿನಿಮಾದವರು ಇದಕ್ಕೆ ರೂಮ್ ಟೋನ್ ಅನ್ನುತ್ತಾರೆ. ಚಿತ್ರೀಕರಣ ಮುಗಿದ ಮೇಲೆ ಎಲ್ಲರನ್ನೂ ಅಲ್ಲಾಡದೆ ನಿಲ್ಲಿಸಿ, ಆ ಜಾಗದ ಮೌನವನ್ನೇ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಎಡಿಟಿಂಗಿನಲ್ಲಿ ಎಲ್ಲಿ ತೂತು ಬಿದ್ದರೂ ಅದರಿಂದಲೇ ತೇಪೆ. ನಾನು ಈಗ ಪ್ರತಿ ರೆಕಾರ್ಡಿಂಗಿನ ಶುರುವಿನಲ್ಲಿ ಹತ್ತು ಸೆಕೆಂಡು ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಆಮೇಲೆ ಕಥೆ. ಒಂದು ಸಲ ಫೋನಿನಲ್ಲಿ ಮಾತಾಡುವಾಗ ಈ ಗುಟ್ಟನ್ನು ಅವಳಿಗೂ ಹೇಳಿದ್ದೆ. "ಏನೂ ಮಾತಾಡದೇ ಇರೋದನ್ನ ರೆಕಾರ್ಡ್ ಮಾಡ್ತೀಯಾ?" ಅಂತ ಬಹಳ ಹೊತ್ತು ನಕ್ಕಿದ್ದಳು.

ಕಂಪ್ರೆಸರ್ ಅನ್ನುವುದು ನನಗೆ ಬಹಳ ದಿನ ತಲೆಗೆ ಹತ್ತಲಿಲ್ಲ. ಕೊನೆಗೆ ಹೀಗೆ ಅಂದುಕೊಂಡೆ: ವಾಲ್ಯೂಮ್ ಗುಂಡಿಯ ಮೇಲೆ ಕೈ ಇಟ್ಟುಕೊಂಡು ಕೂತ ಒಬ್ಬ ಆಸಾಮಿ. ದನಿ ಒಂದು ಗೆರೆ ದಾಟಿದರೆ ತಕ್ಷಣ ತಗ್ಗಿಸುತ್ತಾನೆ. 3ಕ್ಕೆ 1 ಅಂತ ಇಟ್ಟರೆ, ಗೆರೆಯಿಂದ 9 ಡೆಸಿಬೆಲ್ ಮೇಲೆ ಹೋದ ಕಿರುಚಾಟ 3 ಡೆಸಿಬೆಲ್ ಮೇಲೆ ಬಂದು ನಿಲ್ಲುತ್ತದೆ. ಜೋರು ತಗ್ಗಿತು ಅಂದ ಮೇಲೆ ಎಲ್ಲವನ್ನೂ ಒಟ್ಟಿಗೆ ಏರಿಸಬಹುದು. ಆಗ ಪಿಸುಮಾತೂ ಕೇಳುತ್ತದೆ. ಆದರೆ ಪಿಸುಮಾತಿನ ಜೊತೆ ಕೋಣೆಯೂ ಮೇಲೇರುತ್ತದೆ. ಮತ್ತೆ ಬೀರುವಿಗೇ ಬಂದೆವು ನೋಡಿ.

ಒಟ್ಟು ದನಿ ಎಷ್ಟು ಜೋರಿರಬೇಕು ಅನ್ನುವುದಕ್ಕೂ ಒಂದು ಅಳತೆ ಇದೆ, ಎಲ್‌ಯುಎಫ್‌ಎಸ್ ಅಂತ. ಮುಳ್ಳು ಎಲ್ಲಿ ನಿಂತಿತು ಅನ್ನುವುದಲ್ಲ, ಕಿವಿಗೆ ಎಷ್ಟು ಜೋರು ಅನ್ನಿಸಿತು ಅನ್ನುವ ಲೆಕ್ಕ. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 2010ರಲ್ಲಿ ಟಿವಿ, ರೇಡಿಯೋಗೆ ಮೈನಸ್ 23 ಅಂತ ಗೊತ್ತುಮಾಡಿತು. ಯೂಟ್ಯೂಬ್ ಮೈನಸ್ 14ರ ಆಸುಪಾಸು. ಅದಕ್ಕಿಂತ ಜೋರಾಗಿ ಕಳಿಸಿದರೆ ಅವರೇ ಇಳಿಸುತ್ತಾರೆ. ಹಾಗಾಗಿ ಅರಚಿ ಲಾಭವಿಲ್ಲ. ಜಾಹೀರಾತಿನವರಿಗೂ ಇದನ್ನು ಯಾರಾದರೂ ಹೇಳಬೇಕು.

ಒಂದು ವರ್ಷ ಬರೀ ದನಿಯ ಜೊತೆ ಗುದ್ದಾಡಿದ ಮೇಲೆ ಹುಡುಗಿ ಕೇಳಿದಳು. "ಬೆಕ್ಕು ನೋಡ್ಬೇಕು."

ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಕಪ್ಪು ಕಾಗದ ಕತ್ತರಿಸಿ ಬೆಕ್ಕು ಮಾಡಲು ಬರುತ್ತದೆ. ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ಬೆಕ್ಕನ್ನು ಇಟ್ಟು, ಒಂದು ಫೋಟೋ. ಕಾಲು ಒಂಚೂರು ಸರಿಸಿ ಇನ್ನೊಂದು ಫೋಟೋ. ಹೀಗೆ ಸೆಕೆಂಡಿಗೆ 12 ಫೋಟೋ ಇದ್ದರೆ ಬೆಕ್ಕು ನಡೆಯುತ್ತದೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡಿಸುತ್ತದೆ, ನಾವು ಒಂದೊಂದು ಫೋಟೋವನ್ನು ಎರಡೆರಡು ಸಲ ತೋರಿಸುತ್ತೇವೆ, ಅಷ್ಟೇ ವ್ಯತ್ಯಾಸ. ಒಂದು ನಿಮಿಷಕ್ಕೆ 720 ಫೋಟೋ. ಎರಡು ಸ್ಟೂಲುಗಳ ನಡುವೆ ಹಲಗೆ ಇಟ್ಟು, ಹಲಗೆಯ ಅಂಚಿನಿಂದ ಕ್ಯಾಮೆರಾ ಇಣುಕುವ ಹಾಗೆ ಮೊಬೈಲ್ ಮಲಗಿಸಿ, ಮೇಲೆ ದಪ್ಪ ಪುಸ್ತಕದ ಭಾರ ಹೇರಿದೆ. ಕಿಟಕಿ ಪಕ್ಕ ಒಳ್ಳೇ ಬೆಳಕು. ಮೂರು ಗಂಟೆ ಬೆನ್ನು ಬಗ್ಗಿಸಿ 300 ಫೋಟೋ ತೆಗೆದೆ.

ಓಡಿಸಿ ನೋಡಿದರೆ ಬೆಕ್ಕು ಚೆನ್ನಾಗೇ ನಡೆಯುತ್ತಿತ್ತು. ಆದರೆ ಅದರ ಸುತ್ತ ಸಿಡಿಲು, ಮಿಂಚು, ಸಂಜೆ, ಬೆಳಗು ಎಲ್ಲ ಒಟ್ಟಿಗೆ ಆಗುತ್ತಿತ್ತು. ಮೊಬೈಲ್ ಪ್ರತಿ ಫೋಟೋಗೂ ತಾನೇ ಬೆಳಕಿನ ಅಳತೆ ತೀರ್ಮಾನಿಸಿತ್ತು, ಬಣ್ಣವನ್ನೂ. ಕಪ್ಪು ಬೆಕ್ಕು ಚೌಕಟ್ಟಿನೊಳಗೆ ದೊಡ್ಡದಾಗಿ ಬಂದಾಗ "ಓ, ಕತ್ತಲಾಯಿತು" ಅಂತ ಇಡೀ ಚಿತ್ರವನ್ನು ಬೆಳ್ಳಗೆ ಮಾಡಿತ್ತು. ಅದಕ್ಕೆ ಪಾಪ ಗೊತ್ತಿಲ್ಲ, ಇವೆಲ್ಲ ಒಂದೇ ದೃಶ್ಯ ಅಂತ. ಪರದೆಯ ಮೇಲೆ ಬೆರಳನ್ನು ಒತ್ತಿಹಿಡಿದರೆ ಫೋಕಸ್ಸೂ ಬೆಳಕೂ ಬೀಗ ಹಾಕಿಕೊಳ್ಳುತ್ತವೆ. ಬಣ್ಣಕ್ಕೆ, ಅಂದರೆ ವೈಟ್ ಬ್ಯಾಲೆನ್ಸ್‌ಗೆ, ಕೈಯಲ್ಲೇ ಸಂಖ್ಯೆ ಕೊಡುವ ಕ್ಯಾಮೆರಾ ಆ್ಯಪ್ ಬೇಕಾಗುತ್ತದೆ. ಬೆಳಕಿನ ಬಣ್ಣ ಅಳೆಯುವುದು ಕೆಲ್ವಿನ್ ಲೆಕ್ಕದಲ್ಲಿ: ಹಳದಿ ಬಲ್ಬು 3,000 ಕೆಲ್ವಿನ್ ಹತ್ತಿರ, ಮಧ್ಯಾಹ್ನದ ಹೊರಬೆಳಕು 5,500ರ ಹತ್ತಿರ. ಎರಡನ್ನೂ ಬೆರೆಸಿದರೆ ಯಾವ ಸಂಖ್ಯೆಯೂ ಸರಿಹೊಂದುವುದಿಲ್ಲ, ಹಾಳೆಯ ಅರ್ಧ ಕಿತ್ತಳೆ, ಅರ್ಧ ನೀಲಿ.

ಎರಡನೇ ದಿನ ಎಲ್ಲಕ್ಕೂ ಬೀಗ ಹಾಕಿ ಕೂತೆ. ಮಿಂಚು ನಿಂತಿತು. ಆದರೆ ಮೂರು ಗಂಟೆಯಲ್ಲಿ ಸೂರ್ಯ ಸುಮ್ನೆ ಕೂತಿರುತ್ತಾನಾ? ಬೆಕ್ಕು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಅದರ ನೆರಳು ಸರಿದುಹೋಗಿತ್ತು. ಮೂರನೇ ದಿನ ಕಿಟಕಿಗೆ ದಪ್ಪ ಪರದೆ ಎಳೆದು ಟೇಬಲ್ ಲ್ಯಾಂಪ್ ಹಚ್ಚಿದೆ. ಎಲ್ಲ ಸರಿ, ಆದರೂ ಬಿಳಿ ಹಾಳೆ ಆಗಾಗ ಕೆಂಪಾಗುತ್ತಿತ್ತು. ಇದಕ್ಕೆ ಕಾರಣ ಹುಡುಕಲು ಒಂದು ವಾರ ಬೇಕಾಯಿತು. ಲ್ಯಾಂಪ್ ಅಲ್ಲ, ಮೊಬೈಲ್ ಅಲ್ಲ. ನಾನು ಹಾಕಿದ್ದ ಕೆಂಪು ಅಂಗಿ. ಬಗ್ಗಿದಾಗಲೆಲ್ಲ ಅಂಗಿಯ ಬಣ್ಣ ಹಾಳೆಯ ಮೇಲೆ ಬೀಳುತ್ತಿತ್ತು. ಹೀಗೆ ಒಂದೊಂದೇ ಫೋಟೋ ಜೋಡಿಸಿ ಓಡಿಸುವುದಕ್ಕೆ ಸ್ಟಾಪ್ ಮೋಷನ್ ಅಂತ ಹೆಸರು, ಅದನ್ನು ಮಾಡುವವರು ಕಪ್ಪು ಬಟ್ಟೆ ಹಾಕಿಕೊಳ್ಳುತ್ತಾರೆ ಅಂತ ಆಮೇಲೆ ಓದಿದೆ. ತಪ್ಪು ಒಂದು ಹೆಜ್ಜೆ ಹಿಂದೆ ಇರುತ್ತದೆ ಅಂದೆನಲ್ಲ, ಈ ಸಲ ಅದು ನನ್ನ ಮೈಮೇಲೇ ಇತ್ತು.

ಮುಖ ತೋರಿಸಿ ಮಾತಾಡುವ ವೀಡಿಯೋ ಮಾಡಿದಾಗ ಇನ್ನೊಂದು ಬಗೆಯ ಕಾಟ. ಪರದೆಯ ಮೇಲೆ ಕಪ್ಪು ಪಟ್ಟಿಗಳು ನಿಧಾನಕ್ಕೆ ಮೇಲಿಂದ ಕೆಳಗೆ ಇಳಿಯುತ್ತಿದ್ದವು. ಕರೆಂಟು 50 ಹರ್ಟ್ಜ್ ಇರುವ ಕಡೆ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಶಟರ್, ಅಂದರೆ ಒಂದು ಚೌಕಟ್ಟು ಬೆಳಕು ಹಿಡಿಯುವ ಹೊತ್ತು, ಸೆಕೆಂಡಿನ 1/60 ಇದ್ದರೆ ಒಂದು ಚೌಕಟ್ಟಿಗೆ ಒಂದೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ ಮಿನುಗು ಸಿಗುತ್ತದೆ, ಪಾಲು ಸಮ ಬರುವುದಿಲ್ಲ. 1/50 ಇಟ್ಟರೆ ಸರಿಯಾಗಿ ಎರಡು ಮಿನುಗು, ಪಟ್ಟಿ ಮಾಯ. 60 ಹರ್ಟ್ಜ್ ಇರುವ ದೇಶಗಳಲ್ಲಿ ಇದೇ ಲೆಕ್ಕ ತಿರುಗಿ 1/60 ಸರಿ, 1/50 ತಪ್ಪು. ದೀಪದ ಸ್ವಿಚ್ಚಿಗೂ ಶಟರಿಗೂ ನಂಟು ಇದೆ ಅಂತ ಯಾರು ಅಂದುಕೊಂಡಿದ್ದರು?

ದನಿಯನ್ನು ಬೇರೆ ಮೈಕಿನಲ್ಲಿ, ಚಿತ್ರವನ್ನು ಮೊಬೈಲಿನಲ್ಲಿ ಹಿಡಿದರೆ ಎರಡನ್ನೂ ಹೊಂದಿಸಬೇಕು. ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆದರೆ ಆಯಿತು. ಕೈ ಕೂಡಿದ ಚೌಕಟ್ಟು, ಅಲೆಯಲ್ಲಿ ಎದ್ದ ಮೊನೆ, ಎರಡನ್ನೂ ಒಂದರ ಕೆಳಗೆ ಒಂದು ಇಡಿ. ಸಿನಿಮಾದ ಕ್ಲ್ಯಾಪ್ ಬೋರ್ಡ್ ಇರುವುದೇ ಇದಕ್ಕೆ. ಆದರೆ ಎರಡು ಯಂತ್ರಗಳ ಗಡಿಯಾರ ಒಂದೇ ಸಮ ಓಡುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ ಒಂದು ಗಂಟೆಗೆ 180 ಮಿಲಿಸೆಕೆಂಡು, ತುಟಿ ಒಂದು ಕಡೆ ಮಾತು ಒಂದು ಕಡೆ. ಕೊನೆಯಲ್ಲೂ ಒಂದು ಚಪ್ಪಾಳೆ ಹೊಡೆಯಿರಿ, ಎಷ್ಟು ಜಾರಿದೆ ಅಂತ ಗೊತ್ತಾಗುತ್ತದೆ. ಮೊಬೈಲುಗಳಿಗೆ ಇನ್ನೊಂದು ಕೆಟ್ಟ ಗುಣ ಇದೆ. ಸೆಕೆಂಡಿಗೆ 30 ಚೌಕಟ್ಟು ಅಂತ ಹೇಳಿ, ಬೆಳಕು ಕಡಿಮೆಯಾದಾಗ 24ಕ್ಕೋ 27ಕ್ಕೋ ಇಳಿಯುತ್ತವೆ. ಎಡಿಟ್ ಮಾಡುವ ಮೊದಲು ಅದನ್ನು ಒಂದೇ ವೇಗಕ್ಕೆ ಬದಲಿಸಿಕೊಳ್ಳದಿದ್ದರೆ ಜಾರುವಿಕೆ ತಪ್ಪಿದ್ದಲ್ಲ. ಆ ಬದಲಾವಣೆಗೆ ನಾನು ಬಳಸುವುದು ಎಫ್‌ಎಫ್‌ಎಂಪೆಗ್. ಫ್ಯಾಬ್ರಿಸ್ ಬೆಲಾರ್ ಎಂಬ ಫ್ರೆಂಚ್ ಪ್ರೋಗ್ರಾಮರ್ 2000ದಲ್ಲಿ ಶುರುಮಾಡಿದ ಉಚಿತ ಸಾಧನ. ಗುಂಡಿ ಇಲ್ಲ, ಚಿತ್ರ ಇಲ್ಲ, ಕಪ್ಪು ಕಿಟಕಿಯಲ್ಲಿ ಒಂದು ಸಾಲು ಟೈಪ್ ಮಾಡಬೇಕು. ಹೆದರಿಕೆ ಆಗುತ್ತದೆ ನಿಜ. ನನಗೆ ಗೊತ್ತಿರುವುದೂ ಆರೇಳು ಸಾಲು, ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ, ಮೊಟ್ಟೆಯ ಟ್ರೇ ಕಿತ್ತ ಕಲೆ ಇರುವ ಜಾಗದಲ್ಲೇ.

ಫೈಲಿನ ಬಗ್ಗೆ ಒಂದು ಮಾತು. ಎಂಪಿ4 ಅನ್ನುವುದು ಡಬ್ಬಿಯ ಹೆಸರು, ಒಳಗಿನ ಸರಕಿನದ್ದಲ್ಲ. ಸರಕನ್ನು ಹೇಗೆ ಮಡಚಿದ್ದಾರೆ ಅನ್ನುವುದು ಕೋಡೆಕ್. ಮಡಚದಿದ್ದರೆ ಏನಾಗುತ್ತೆ? 1920 ಗುಣಿಲೆ 1080 ಚುಕ್ಕೆ, ಚುಕ್ಕೆಗೆ 3 ಬೈಟ್, ಸೆಕೆಂಡಿಗೆ 25 ಚಿತ್ರ. ನಿಮಿಷಕ್ಕೆ 9 ಜಿಬಿ ದಾಟುತ್ತದೆ. 2003ರಲ್ಲಿ ಬಂದ ಎಚ್.264 ಎಂಬ ಕೋಡೆಕ್ ಅದನ್ನೇ 130 ಎಂಬಿ ಆಸುಪಾಸಿಗೆ ಇಳಿಸಿದರೂ ಕಣ್ಣಿಗೆ ಚೆನ್ನಾಗೇ ಕಾಣುತ್ತದೆ. ಆಗಾಗ ಒಂದು ಚಿತ್ರವನ್ನು ಪೂರ್ತಿ ಬರೆದುಕೊಂಡು, ನಡುವಿನದಕ್ಕೆಲ್ಲ ಏನು ಬದಲಾಯಿತು ಅನ್ನುವುದನ್ನಷ್ಟೇ ಬರೆಯುತ್ತದೆ. ಅದಕ್ಕೇ ಹಳೇ ಕಂಪ್ಯೂಟರಿನಲ್ಲಿ ಎಡಿಟ್ ಮಾಡುವಾಗ ತೊದಲುತ್ತದೆ. ನೀವು ಕೇಳಿದ ಚಿತ್ರ ಅಲ್ಲಿ ಇರುವುದೇ ಇಲ್ಲ, ಹಿಂದಿನ ಪೂರ್ತಿ ಚಿತ್ರದಿಂದ ಕಟ್ಟಿಕೊಂಡು ಬರಬೇಕು. ಸಣ್ಣ ಪ್ರಾಕ್ಸಿ ನಕಲು ಮಾಡಿಕೊಂಡು ಅದರಲ್ಲಿ ಕತ್ತರಿಸಿ, ಕೊನೆಗೆ ಮೂಲವನ್ನು ಜೋಡಿಸಿದರೆ ಹಳೇ ಯಂತ್ರವೂ ಓಡುತ್ತದೆ. ಹೊಸ ಕಂಪ್ಯೂಟರ್ ಕೊಳ್ಳಬೇಕೆಂಬ ಆಸೆ ನನಗೆ ಅಲ್ಲಿಗೆ ನಿಂತಿತು. ಪೂರ್ತಿ ನಿಂತಿಲ್ಲ, ಆದರೂ.

ಇದನ್ನೆಲ್ಲ ಯಾವ ಕ್ರಮದಲ್ಲಿ ಕಲಿಯಬೇಕು ಅಂತ ಕೆಲವರು ಕೇಳುತ್ತಾರೆ. ನಾನಂತೂ ಕ್ರಮದಲ್ಲಿ ಕಲಿಯಲಿಲ್ಲ. ಒಂದು ಕಾಲದಲ್ಲಿ ದಿನಾ ರಾತ್ರಿ ಟ್ಯುಟೋರಿಯಲ್ ನೋಡುತ್ತಿದ್ದೆ. ನೋಡುವಾಗ ಎಲ್ಲ ಗೊತ್ತಾಗುತ್ತಿತ್ತು, ಎದ್ದು ಮೈಕ್ ಮುಂದೆ ಕೂತರೆ ಒಂದೂ ನೆನಪಿಲ್ಲ. ದೀಪದ ಮಿನುಗಿನ ಬಗ್ಗೆ ಎಷ್ಟು ಓದಿದ್ದರೂ ನನ್ನ ಮುಖದ ಮೇಲೆ ಪಟ್ಟಿ ಇಳಿಯುವವರೆಗೆ ಅದು ನನ್ನದಾಗಲಿಲ್ಲ. ಈಗ ಪ್ರತಿ ಸಲ ಒಂದು ಸಣ್ಣ ಕೆಲಸ ಪೂರ್ತಿ ಮುಗಿಸುತ್ತೇನೆ, ಅದರಲ್ಲಿ ಒಂದೇ ಒಂದು ತಪ್ಪಿನ ಬೆನ್ನು ಹತ್ತುತ್ತೇನೆ. ಮಿಕ್ಕ ತಪ್ಪುಗಳು ಇರಲಿ ಬಿಡಿ, ಎಲ್ಲೂ ಹೋಗುವುದಿಲ್ಲ. ಕೇಳಲು ಒಬ್ಬರು ಇರಬೇಕು ಅನ್ನುವುದು ಮಾತ್ರ ಖಂಡಿತ. ಲೈಕ್ ಒತ್ತುವವರಲ್ಲ, ಬಚ್ಚಲುಮನೆ ಅಂತ ಮುಖಕ್ಕೆ ಹೇಳುವವರು.

ಆ ವಿಮರ್ಶಕಿಗೆ ಈಗ ಹತ್ತು. ಮಲಗುವಾಗ ನನ್ನ ಕಥೆ ಬೇಕಾಗಿಲ್ಲ. ಹೋದ ತಿಂಗಳು ಅವಳ ಕಡೆಯಿಂದಲೇ ಒಂದು ಫೈಲ್ ಬಂತು. ತೆರೆದೆ. ಬಾಲ ಇಲ್ಲದ ದನಿ, ಬಟ್ಟೆಗಳ ನಡುವೆ ಕೂತದ್ದು ಗೊತ್ತಾಗುತ್ತಿತ್ತು. "ಅಮ್ಮ, ಫ್ಯಾನ್ ಆರ್ಸು. ಎಲ್ಲಾರೂ ಹತ್ತು ಸೆಕೆಂಡು ಸುಮ್ನಿರಿ."

ಮೌನ. ಆರನೇ ಸೆಕೆಂಡಿಗೆ ಅಕ್ಕನ ಕೆಮ್ಮು.

"ಅಮ್ಮಾ! ಮತ್ತೆ ಒಂದರಿಂದ."

ಮತ್ತೆ ಮೌನ. ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ನಾನೂ ಉಸಿರು ಬಿಗಿಹಿಡಿದು ಎಣಿಸಿದೆ. ಈ ಸಲ ಯಾರೂ ಕೆಮ್ಮಲಿಲ್ಲ. ಹತ್ತಕ್ಕೆ ಸರಿಯಾಗಿ ಒಂದು ಉದ್ದ ಉಸಿರು, ಆಮೇಲೆ "ಒಂದೂರಲ್ಲಿ ಒಂದು ಬೆಕ್ಕಿತ್ತು."